ಭಾವನ ತಕ್ಕಡಿ, ಅಕ್ಕನ ರೆಕ್ಕೆ

ನನ್ನ ಭಾವನ ಕೈಗೆ ಏನನ್ನೇ ಕೊಡಿ, ಅವರು ಮೊದಲು ಅದನ್ನು ತೂಗುತ್ತಾರೆ. ಕಾಫಿಯ ಲೋಟ, ಬೀಗದ ಕೈ, ಮಡಿಸಿದ ಟವೆಲು, ಪಕ್ಕದ ಮನೆಯ ಹಸುಗೂಸು, ಯಾವುದಾದರೂ ಸರಿಯೆ. ಬಲದ ಅಂಗೈಯ ಮೇಲಿಟ್ಟುಕೊಂಡು, ಕಣ್ಣನ್ನು ಅರೆಮುಚ್ಚಿ, ಕೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಆ ವಸ್ತು ಈ ಲೋಕದಲ್ಲಿ ನಿಜವಾಗಿಯೂ ಇದೆಯೆಂದು ಖಾತ್ರಿಯಾದ ಮೇಲೆಯೇ ಅವರು ಅದನ್ನು ಸ್ವೀಕರಿಸುವುದು. ನನ್ನ ಮಗಳು ಹುಟ್ಟಿದಾಗ ನೋಡಲು ಬಂದವರೆಲ್ಲ ಮೂಗು ಯಾರದು, ಬಣ್ಣ ಯಾರದು ಎಂದು ಪಂಚಾಯಿತಿ ನಡೆಸುತ್ತಿದ್ದರೆ, ಭಾವ ಅವಳನ್ನು ಅಂಗೈಗಳ ಮೇಲೆ ಎತ್ತಿಕೊಂಡು, ಬಹಳ ಹೊತ್ತು ಧ್ಯಾನಸ್ಥರಾಗಿ ನಿಂತು, ಕೊನೆಗೆ ಅವಳ ತೂಕವನ್ನು ಹೇಳಿದರು. ತೊಟ್ಟಿಲಿಗೆ ಕಟ್ಟಿದ್ದ ಆಸ್ಪತ್ರೆಯ ಚೀಟಿಯಲ್ಲೂ ಅದೇ ಇತ್ತು. ಮೂಗಿನ ವಿಷಯ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಅಂಗಡಿಯಿಂದ ಅಂಗಡಿಗೆ ಅಲೆದು, ತಕ್ಕಡಿಗಳ ಸತ್ಯಾಸತ್ಯವನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಉದ್ಯೋಗ. ನಮ್ಮ ಬಳಗದಲ್ಲಿ ಅವರಿಗೆ ತಕ್ಕಡಿ ಭಾವ ಎಂದೇ ಹೆಸರು. ಬೂದುಬಣ್ಣದ ಒಂದೇ ಕೋಟು, ಅದರ ಬಲಜೇಬಿನಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ. ಆ ಭಾರಕ್ಕೆ ಬಲಹೆಗಲು ಇಳಿದು, ನಡೆಯುವಾಗ ಇಡೀ ಮನುಷ್ಯ ಯಾರದೋ ಗುಟ್ಟು ಕೇಳಲು ಬಾಗಿದವರ ಹಾಗೆ ಕಾಣುತ್ತಿದ್ದರು. ನಿವೃತ್ತರಾದ ದಿನ ಪೆಟ್ಟಿಗೆಯನ್ನು ಕಚೇರಿಗೆ ಒಪ್ಪಿಸಿ ಬಂದರು. ಹೆಗಲು ಮಾತ್ರ ಮೇಲೇಳಲೇ ಇಲ್ಲ; ಕೋಟೂ ಬದಲಾಗಲಿಲ್ಲ. ಅಡುಗೆ ಹೇಗಿದೆ ಎಂದರೆ "ಹೆಚ್ಚಿಲ್ಲ, ಕಡಿಮೆ ಇಲ್ಲ" ಎನ್ನುತ್ತಾರೆ. ಜ್ವರ ಹೇಗಿದೆ ಎಂದರೂ ಅದೇ ಉತ್ತರ. "ಹೊಗಳೋಕೂ ಇವರಿಗೆ ತಕ್ಕಡಿ ಬೇಕು" ಎಂದು ಅಕ್ಕ ಮೂತಿ ತಿರುವುತ್ತಿದ್ದಳು.

ಇಂಥ ಮನುಷ್ಯನಿಗೆ ಹಾರುವ ಹುಚ್ಚು ಹೇಗೆ ಹಿಡಿಯಿತು ಎಂದು ನಾನು ಬಹಳ ಕಾಲ ಸೋಜಿಗಪಟ್ಟಿದ್ದೇನೆ. ಆಮೇಲೆ ಹೊಳೆಯಿತು: ದಿನವಿಡೀ ಭಾರದ ಜೊತೆ ಬದುಕುವವನಿಗೆ ಹಗುರವೆಂಬುದು ಕನಸಿನಲ್ಲಿ ಬರುವುದು ಸಹಜವೇ. ಮದುವೆಯಾದ ಹೊಸದರಲ್ಲಿ, ಒಂದೇ ಕಿಟಕಿಯ ಬಾಡಿಗೆ ಕೋಣೆಯಲ್ಲಿ, ಅವರೂ ಅಕ್ಕನೂ ಸೇರಿ ಒಂದು ಆಟದ ವಿಮಾನ ಕಟ್ಟಿದರು. ಇಬ್ಬರೂ ಹೆಚ್ಚು ಮಾತಿಲ್ಲದವರು; ಒಬ್ಬರು ಮುದ್ರೆ ಒತ್ತುವವರು, ಇನ್ನೊಬ್ಬಳು ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವವಳು. ಬಾಲ್ಸಾ ಎಂಬ, ಹತ್ತಿಯಷ್ಟು ಹಗುರವಾದ ಮರದ ಕಡ್ಡಿಗಳನ್ನು ಕೊಯ್ದು ಭಾವ ಅಸ್ಥಿಪಂಜರ ಜೋಡಿಸಿದರೆ, ಅದರ ಮೇಲೆ ಉಸಿರು ತಾಗಿದರೆ ನಡುಗುವಂಥ ಕಾಗದವನ್ನು ಅಂಟಿಸಿ ಮೈ ಕೊಟ್ಟವಳು ಅಕ್ಕ. ಹೊಟ್ಟೆಯೊಳಗೆ ಉದ್ದಕ್ಕೂ ಒಂದು ರಬ್ಬರ್ ಪಟ್ಟಿ. ಪ್ರೊಪೆಲ್ಲರನ್ನು ಬೆರಳಿನಿಂದ ಸುತ್ತಿ ಸುತ್ತಿ ಆ ರಬ್ಬರನ್ನು ಹುರಿಗೊಳಿಸಿ ಕೈಬಿಟ್ಟರೆ, ಅದು ಬಿಚ್ಚಿಕೊಳ್ಳುವಷ್ಟು ಹೊತ್ತು ವಿಮಾನ ಏರುತ್ತದೆ, ಆಮೇಲೆ ತೇಲುತ್ತದೆ. ಇಂಜಿನ್ನಿಲ್ಲ, ಸದ್ದಿಲ್ಲ.

ಆ ವಿಮಾನಕ್ಕೆ ಒಂದು ಊನವಿತ್ತು. ಅಂಟಿಸಿದ ಕಾಗದಕ್ಕೆ ನೀರು ಚಿಮುಕಿಸಿ ಒಣಗಿಸಿದರೆ ಅದು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಪೂರ್ತಿ ಒಣಗುವವರೆಗೆ ರೆಕ್ಕೆಯನ್ನು ಹಲಗೆಗೆ ಗುಂಡುಸೂಜಿ ಚುಚ್ಚಿ ಹಿಡಿಸಿರಬೇಕು, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಹೊಸ ಮದುಮಗಳಿಗೆ ತಡೆಯಲಾಗಲಿಲ್ಲ. ಕಿಟಕಿಯ ಬಿಸಿಲು ಆ ಹಸಿ ಕಾಗದದಲ್ಲಿ ಹೇಗೆ ಸೋರುತ್ತದೆಂದು ನೋಡಲು ಎಡರೆಕ್ಕೆಯನ್ನು ಅವಳು ಬೇಗ ಎತ್ತಿಬಿಟ್ಟಳು. ರೆಕ್ಕೆಯ ತುದಿ ಕೊಂಚವೇ ಕೊಂಚ ತಿರುಚಿತು. ಅಂದಿನಿಂದ ಆ ವಿಮಾನ ನೇರವಾಗಿ ಹಾರಿದ್ದೇ ಇಲ್ಲ; ಎಡಕ್ಕೆ ಒಲೆದು, ದೊಡ್ಡ ದೊಡ್ಡ ಸುತ್ತು ಹಾಕಿ, ಹಾರಿಸಿದವರ ತಲೆಯ ಮೇಲೆಯೇ ತಿರುತಿರುಗಿ ಬರುತ್ತಿತ್ತು. ತಿದ್ದಿಬಿಡಿ ಎಂದು ಗೊತ್ತಿದ್ದವರು ಎಷ್ಟೋ ಜನ ಹೇಳಿದರು. ಗ್ರಾಂ ಲೆಕ್ಕದಲ್ಲಿ ಅಂಗಡಿಯವರ ಪ್ರಾಣ ತಿನ್ನುತ್ತಿದ್ದ ಭಾವ ಇದೊಂದು ತಪ್ಪನ್ನು ಮಾತ್ರ ಕಂಡೂ ಕಾಣದ ಹಾಗೆ ಇದ್ದುಬಿಟ್ಟರು. ಮಕ್ಕಳಿಲ್ಲದ ಮನೆಯಲ್ಲಿ ಅದೇ ಮಗು ಎಂದು ಯಾರಾದರೂ ಕರಗಿದ ದನಿಯಲ್ಲಿ ಹೇಳಿದರೆ ಅಕ್ಕ ಕಿಡಿಕಿಡಿಯಾಗುತ್ತಿದ್ದಳು: "ಆಟದ ವಿಮಾನ ಅದು. ಮಗು ಯಾಕಾಗುತ್ತೆ?"

ಅದನ್ನು ಮುರಿದವಳೂ ಅಕ್ಕನೇ. ಧೂಳು ಒರೆಸಲೆಂದು ಭಾವ ವಿಮಾನವನ್ನು ಕಪಾಟಿನ ಮೇಲಿನಿಂದ ಇಳಿಸಿ ಮೇಜಿನ ನಡುವೆ ಇಟ್ಟಿದ್ದರು. ಅಕ್ಕ ಮಡಿಸಿದ ಕಂಬಳಿಗಳ ಗಂಟನ್ನು ಎದೆಗವಚಿಕೊಂಡು ಬಂದು ಸೀದಾ ಅದರ ಮೇಲೆ ಇಳಿಸಿದಳು. ಆ ದಿನ ನಾನಲ್ಲಿದ್ದೆ. ಒಣಗಿದ ಎಲೆಯ ಮೇಲೆ ಕಾಲಿಟ್ಟಂಥ ಸಣ್ಣ ಸದ್ದು, ಅಷ್ಟೆ. ಅವಳು ಬೆಚ್ಚಿ ನಮ್ಮಿಬ್ಬರ ಕಡೆ ತಿರುಗಿ, "ಮೇಜು ಖಾಲಿ ಇತ್ತಲ್ಲೋ" ಎಂದಳು. ನನ್ನನ್ನು ನೋಡಿ ಹೇಳಿದಳೆಂದುಕೊಂಡೆ. ಆದರೆ ಅವಳು ನೋಡುತ್ತಿದ್ದದ್ದು ನನ್ನ ಪಕ್ಕದ ಗೋಡೆಯನ್ನು. ಎಷ್ಟು ಕಾಲದಿಂದ ಮುಚ್ಚಿಟ್ಟಿದ್ದಳೋ, ಆ ಗಳಿಗೆಯಲ್ಲಿ ಎಲ್ಲ ಬಯಲಾಯಿತು.

ಕಣ್ಣಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ನಟ್ಟನಡುವಿನ ನೋಟ ಅಳಿಸಿಹೋಗುತ್ತಿದೆ, ಅಂಚಿನದು ಉಳಿಯುತ್ತದೆ. ನಿಲ್ಲಿಸಬಹುದಾದಷ್ಟು ನಿಲ್ಲಿಸೋಣ, ಹೋದದ್ದು ವಾಪಸು ಬರುವುದಿಲ್ಲ. ಅಂದರೆ ಎದುರು ನಿಂತವರ ಮುಖವಿದ್ದ ಜಾಗದಲ್ಲಿ ಅವಳಿಗೆ ಒಂದು ಮಂಜಿನ ಉಂಡೆ, ಪಕ್ಕದಲ್ಲಿ ಹಾದುಹೋದವರ ತೋಳಿನ ಗುಂಡಿ ಮಾತ್ರ ಸ್ಪಷ್ಟ. ಏನನ್ನು ನೋಡಬೇಕೆಂದು ಕಣ್ಣಿಟ್ಟಳೋ ಅದೇ ಮಾಯವಾಗುವ ಕಾಯಿಲೆ. ಮನೆಗೆ ಬಂದವಳೇ ಅಕ್ಕ ಕತ್ತರಿ, ಸೂಜಿ, ಕಾಗದ ಮಡಿಸಿ ತೀಡುವ ಮೂಳೆಯ ಪಟ್ಟಿ ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ, "ಇನ್ನು ನನ್ನ ಕೈಗೆ ಏನೂ ಕೊಡಬೇಡಿ" ಎಂದಳು. ನೆರೆಯವರ ಪುಸ್ತಕಗಳಿಗೆ ರಟ್ಟು ಕಟ್ಟಿಕೊಡುತ್ತಿದ್ದುದು ನಿಂತಿತು, ಒಲೆಯ ಬಳಿ ಹೋಗುವುದು ನಿಂತಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರೋ ಇಟ್ಟುಹೋದ ಸಾಮಾನೆಂಬಂತೆ ಕೂತಳು. ಅದನ್ನು ನೋಡಿ ನನಗೆ ಅಳು ಬಂತು. ಕಣ್ಣಿಗಿಂತ ಆ ಕೈಗಳಿಗಾಗಿಯೇ ನನಗೆ ಹೆಚ್ಚು ಸಂಕಟವಾಯಿತು.

ಭಾವ ಏನು ಮಾಡಿದರು ಅಂತೀರಿ? ಸಮಾಧಾನದ ಒಂದು ಮಾತಾಡಲಿಲ್ಲ. ವಿಮಾನದ ಚೂರುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ವಿಂಗಡಿಸಿದರು. ಮೈ ಉಳಿದಿತ್ತು, ಬಾಲ ಉಳಿದಿತ್ತು. ಎರಡೂ ರೆಕ್ಕೆ, ಪ್ರೊಪೆಲ್ಲರು, ರಬ್ಬರು ಹೋಗಿದ್ದವು. ಮರುದಿನ ಕೋಟು ತೊಟ್ಟು ಬಿಡಿಭಾಗ ಹುಡುಕಲು ಹೊರಟೇಬಿಟ್ಟರು. ಅಂಥ ಭಾಗಗಳನ್ನು ತಯಾರಿಸುತ್ತಿದ್ದ ಕಂಪನಿ ಎಂದೋ ಬಾಗಿಲು ಹಾಕಿತ್ತು. "ಹೆಂಡತಿಯ ಕಣ್ಣು ಹೋಗ್ತಿದೆ, ನಿಮಗೆ ಆಟದ ಸಾಮಾನಿನ ಚಿಂತೆಯೇ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದೆ. ಅವರು ನನ್ನ ಮಾತನ್ನೂ ಒಂದು ಕ್ಷಣ ತೂಗಿ ನೋಡಿದವರಂತೆ ನಿಂತು, "ನೀನೂ ಬಾರಯ್ಯಾ, ಒಬ್ಬನಿಗೆ ಬಸ್ಸಿನ ಬೋರ್ಡು ಓದೋಕೆ ಕಷ್ಟ" ಎಂದರು. ಸಿಟ್ಟಿನಲ್ಲಿಯೇ ಹೋದೆ.

ಹೀಗೆ ಶುರುವಾದ ನಮ್ಮ ಅಲೆದಾಟ ನೆನಪಿನಲ್ಲಿ ಈಗ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿದೆ: ಅರ್ಧ ಬಾಗಿಲೆಳೆದ ಅಂಗಡಿಗಳು, ಮೆಟ್ಟಿಲ ಕೆಳಗಿನ ಗೋದಾಮುಗಳು, ತೂಕಡಿಸುವ ಮಾಲೀಕರು, ಮತ್ತು ಎಲ್ಲ ಕಡೆ ನನ್ನ ಮುಂದೆ ಬಲಕ್ಕೆ ವಾಲಿಕೊಂಡು ನಡೆಯುವ ಆ ಬೂದು ಕೋಟು. ಆಟದ ಸಾಮಾನಿನ ಅಂಗಡಿಯವನು ಥಳಥಳಿಸುವ ಪ್ಲಾಸ್ಟಿಕ್ ವಿಮಾನವೊಂದನ್ನು ತಂದು, "ಇದು ತಗೊಳ್ಳಿ ಸಾರ್, ರಿಮೋಟಿದೆ, ಲೈಟಿದೆ" ಎಂದ. ಭಾವ ಅಂಗೈಯಲ್ಲಿ ಆಡಿಸಿ ಹಿಂದಕ್ಕೆ ಕೊಟ್ಟರು. "ಇದು ಹಾರೋದಲ್ಲಪ್ಪ, ಗಾಳಿ ಜೊತೆ ಜಗಳ ಆಡೋದು." ರಬ್ಬರು ಸಿಕ್ಕಿದ್ದು ಮೀನಿನ ಗಾಳ ಮಾರುವವನ ಬಳಿ, ಅದನ್ನು ಎಳೆದು, ಬಿಟ್ಟು, ಕಿವಿಯ ಹತ್ತಿರ ಹಿಡಿದು ಮೀಟಿ ನೋಡುತ್ತಿದ್ದ ಭಾವನನ್ನು ಕಂಡು ಆ ಪುಣ್ಯಾತ್ಮ ಇವರು ಸಂಗೀತದವರೆಂದೇ ತಿಳಿದ.

ಬಾಲ್ಸಾ ಮರ ಸಿಕ್ಕಿದ್ದು ಇನ್ನೂ ವಿಚಿತ್ರವಾದ ಕಡೆ. ಕಟ್ಟಲಿರುವ ಕಟ್ಟಡಗಳ ಪುಟ್ಟ ಮಾದರಿಗಳನ್ನು ಮಾಡಿಕೊಡುವ ಒಬ್ಬ ಹೆಂಗಸಿನ ಕೆಲಸದ ಕೋಣೆ ಅದು. ಮೇಜಿನ ಮೇಲೆಲ್ಲ ಇನ್ನೂ ಹುಟ್ಟದ ಬೀದಿಗಳು, ಯಾರೂ ಕಾಲಿಡದ ಮೊಗಸಾಲೆಗಳು, ನೆರಳೇ ಬೀಳದ ಬೆರಳುದ್ದದ ಮರಗಳು. ಭಾವ ಆ ಊರಿನ ಮೇಲೆ ಬಾಗಿ ಅದೆಷ್ಟು ತನ್ಮಯರಾಗಿ ನಿಂತರೆಂದರೆ, ಇನ್ನೇನು ಅದರ ಅಂಗಡಿಗಳ ತಕ್ಕಡಿ ಪರೀಕ್ಷೆ ಶುರುಮಾಡುತ್ತಾರೆಂದು ನನಗನ್ನಿಸಿತು. ಆಕೆ ತುಂಡುಗಳ ಬುಟ್ಟಿಯನ್ನೇ ಮುಂದಿಟ್ಟು, "ಆಸ್ಪತ್ರೆಯ ಗೋಡೆ ಆಗಬೇಕಿತ್ತು, ಪ್ಲ್ಯಾನು ಬದಲಾಯ್ತು. ಬೇಕಾದಷ್ಟು ಆರಿಸ್ಕೊಳ್ಳಿ" ಎಂದಳು. ಭಾವ ಒಂದೊಂದು ಹಾಳೆಯನ್ನೂ ಅಂಗೈಯಲ್ಲಿ ತೂಗಿ, ಸಾಯಂಕಾಲದವರೆಗೆ ಕೂತು, ಒಂದು ರೆಕ್ಕೆಯ ಜೋಡಿಗೆ ಆಗುವಷ್ಟನ್ನು ಮಾತ್ರ ತೆಗೆದುಕೊಂಡರು.

ಪ್ರೊಪೆಲ್ಲರಿನ ಕತೆ ಹೇಳದಿದ್ದರೆ ಭಾವನ ಚಿತ್ರ ಅರ್ಧಂಬರ್ಧವಾಗುತ್ತದೆ. ಊರಿನ ಆಚೆ ತುದಿಯಲ್ಲಿ, ಒಂದು ಕಾಲಕ್ಕೆ ಇಂಥದೇ ಆಟದ ವಿಮಾನ ಹಾರಿಸುತ್ತಿದ್ದ ಹಲ್ಲಿನ ಡಾಕ್ಟರೊಬ್ಬರಿದ್ದರು. ಅವರ ಸೆಳೆಖಾನೆಯ ತುಂಬ ಹಳೆಯ ಪ್ರೊಪೆಲ್ಲರುಗಳು. ನಮಗೆ ಬೇಕಾದದ್ದು ಅದರಲ್ಲಿ ತದ್ರೂಪವಾಗಿಯೇ ಇತ್ತು. ಡಾಕ್ಟರು ಅದನ್ನು ಬೆರಳತುದಿಯಲ್ಲಿ ತಿರುಗಿಸುತ್ತಾ, ದನಿ ತಗ್ಗಿಸಿ ಹೇಳಿದರು: "ನೀವು ತೂಕದ ಇಲಾಖೆಯೋರಂತೆ. ಸ್ನಾನದಮನೆಯಲ್ಲಿ ನನ್ನ ತೂಕದ ಮಿಷನ್ನಿದೆ. ಅದು ಜಾಸ್ತಿ ತೋರಿಸುತ್ತೆ ಅಂತ ನನ್ನ ಹೆಂಡತಿ ಎದುರಿಗೆ ಒಂದು ಮಾತು ಹೇಳಿ. ಮೂರು ತಿಂಗಳಿಂದ ಸಿಹಿ ಮುಟ್ಟೋಕೆ ಬಿಟ್ಟಿಲ್ಲ ಅವಳು." ಭಾವ ಒಳಗೆ ಹೋದರು. ಅಡುಗೆಮನೆಯಿಂದ ತೂಕ ನಮೂದಿಸಿದ, ಇನ್ನೂ ಬಾಯಿ ಬಿಚ್ಚದ ಚೀಲಗಳನ್ನು ತರಿಸಿ ಒಂದರ ಮೇಲೊಂದು ಪೇರಿಸಿದರು, ಇಳಿಸಿದರು, ಮತ್ತೆ ಪೇರಿಸಿದರು. ಡಾಕ್ಟರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಭಾವ ಬಾಯಿ ತೆರೆದರು, ಮುಚ್ಚಿದರು, ಹಣೆಯ ಬೆವರು ಒರೆಸಿಕೊಂಡರು, ಕೊನೆಗೆ, "ಜಾಸ್ತಿ ತೋರಿಸ್ತಿಲ್ಲ ಡಾಕ್ಟ್ರೇ. ಕಡಿಮೆ ತೋರಿಸ್ತಿದೆ" ಎಂದರು.

ನಾನು ತಲೆ ಚಚ್ಚಿಕೊಂಡೆ. ಡಾಕ್ಟರ ಮುಖ ಕಪ್ಪಿಟ್ಟಿತು. ನಾವು ಪ್ರೊಪೆಲ್ಲರನ್ನು ಅಲ್ಲಿಯೇ ಬಿಟ್ಟು ಗೇಟು ದಾಟುವಷ್ಟರಲ್ಲಿ ಆಕೆ ಅದನ್ನು ಹಿಡಿದುಕೊಂಡು ಓಡಿಬಂದರು. ನಗು ತಡೆಯಲಾಗದೆ ಕಣ್ಣಲ್ಲಿ ನೀರು. "ತಗೊಳ್ಳಿ ಅಣ್ಣ. ಊರೋರ ಹಲ್ಲೆಲ್ಲ ಇವರು ಕಿತ್ರು, ಇವರ ಹಲ್ಲು ಕಿತ್ತೋರು ನೀವೊಬ್ರೇ." ದಾರಿಯಲ್ಲಿ ಭಾವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅಕ್ಕನಿಗೋಸ್ಕರವಾದರೂ ಒಂದು ಸಣ್ಣ ಸುಳ್ಳು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಅವರು ಪ್ರೊಪೆಲ್ಲರನ್ನು ಕೋಟಿನ ಜೇಬಿಗೆ ಸೇರಿಸುತ್ತಾ, "ಹೇಳೋಣ ಅಂತಲೇ ಬಾಯಿ ತೆಗೆದೆ ಕಣಯ್ಯಾ. ಬರಲಿಲ್ಲ" ಎಂದರು. ತಪ್ಪನ್ನು ಬೇಕೆಂದು ಮಾಡುವ ಶಕ್ತಿ ಆ ದೇಹದಲ್ಲಿಯೇ ಇರಲಿಲ್ಲ.

ಉಳಿದದ್ದು ಕಾಗದ. ಭಾವ ಊರಲ್ಲಿದ್ದ ತೆಳುಕಾಗದವನ್ನೆಲ್ಲ ತಂದರು. ಚಪ್ಪಲಿ ಪೆಟ್ಟಿಗೆಯದು, ಹಣ್ಣು ಸುತ್ತಿದ್ದು, ಒಡವೆ ಅಂಗಡಿಯದು. ತಂದದ್ದನ್ನೆಲ್ಲ ಕಿಟಕಿಯ ಪಕ್ಕ ಕೂತ ಅಕ್ಕನ ಮಡಿಲಲ್ಲಿ, ಏನೂ ಹೇಳದೆ, ಹಾಕಿ ಬರುತ್ತಿದ್ದರು. ಅವಳು ಮೊದಮೊದಲು ಮುಟ್ಟಲಿಲ್ಲ. ಆಮೇಲೆ, ಬೆರಳಿಗೆ ಹಳೆಯ ಚಾಳಿ, ತಾನಾಗಿಯೇ ಹೊಸಕಿ ನೋಡಿತು. "ಇದು ನೀರು ಹೀರಲ್ಲ." ಮರುದಿನ ಇನ್ನೊಂದು. "ಇದಕ್ಕೆ ನಾರಿಲ್ಲ, ಹರಿಯುತ್ತೆ." ಹೀಗೇ ನಡೆಯಿತು. ಒಂದು ದಿನ ಅವಳಿಗೆ ರೇಗಿಹೋಯಿತು: "ಏನ್ರೀ ಇದು ಕಸ ತಂದು ಸುರೀತೀರಿ! ಹಳೇ ಪುಟಗಳಿಗೆ ತೇಪೆ ಹಾಕೋ ಕಾಗದದ ಸುರುಳಿ ನನ್ನ ಟ್ರಂಕಿನಲ್ಲಿ ಅಡೀಲಿದೆ, ತೆಗೀರಿ." ಭಾವ ಹೋಗಿ ಟ್ರಂಕು ತೆರೆದರು. ಅದು ಅಲ್ಲಿರುವುದು ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಕೈ ಮಾತ್ರ ತಡಕಾಡದೆ ಸೀದಾ ಅಡಿಗೇ ಹೋಯಿತು. ಸುಳ್ಳು ಹೇಳಲು ಬಾರದ ಮನುಷ್ಯನಿಗೆ ಸುಮ್ಮನಿರಲು ಬರುತ್ತದೆಂಬುದನ್ನು ನಾನು ಅಂದು ಕಂಡುಕೊಂಡೆ.

ರೆಕ್ಕೆಯನ್ನು ಭಾವನೇ ಕಟ್ಟಿದರು, ಅವರೇ ಕಾಗದ ಅಂಟಿಸಿದರು; ಅಕ್ಕ ಹತ್ತಿರ ಬರಲಿಲ್ಲ. ಹೊಸ ರೆಕ್ಕೆ ಹಲಗೆಯ ಮೇಲೆ ಇಟ್ಟರೆ ಅಡಿಯಲ್ಲಿ ಕೂದಲೂ ತೂರದಷ್ಟು ಸಮನಾಗಿತ್ತು. ಊರಾಚೆಯ ಬಯಲಿಗೆ ಒಂದು ಬೆಳಗ್ಗೆ ಮೂವರೂ ಹೋದೆವು. ವಿಮಾನ ಭಾವನ ಕೈಯಿಂದ ಜಾರಿ, ಏರಿ, ಎಲ್ಲೂ ಅಲುಗದೆ, ನೇರವಾಗಿ ಹೋಗಿ ಬಯಲಿನ ಆ ತುದಿಯ ಹುಲ್ಲಿನಲ್ಲಿ ಇಳಿಯಿತು. ಅಂಥ ಪರಿಪೂರ್ಣವಾದ ಹಾರಾಟವನ್ನು ನಾನು ಕಂಡಿರಲಿಲ್ಲ. ಅಕ್ಕ ಎದುರಿನ ಆಕಾಶಕ್ಕೆ ಮುಖವೆತ್ತಿ ಕಾಯುತ್ತಲೇ ಇದ್ದಳು. "ಬಿಟ್ರಾ?" ಎಂದಳು.

"ಬಿಟ್ಟೆ. ಹೋಯ್ತು."

"ಹೋಯ್ತಾ? ತಿರುಗಿ ಬರಲಿಲ್ವಾ?" ಎಂದವಳು ಎತ್ತಿದ ಮುಖ ಇಳಿಸಿ, "ನನಗೇನೂ ಕಾಣಲೇ ಇಲ್ಲ" ಎಂದಳು. ಆ ದನಿಯಲ್ಲಿ ದೂರಿರಲಿಲ್ಲ. ಅದನ್ನು ಕೇಳಿ ನಾನು ಬೇರೆ ಕಡೆ ನೋಡಿದೆ.

ಭಾವನ ನಿಜವಾದ ಪೀಕಲಾಟ ಶುರುವಾದದ್ದು ಆಮೇಲೆ. ಬೇಕಾಗಿದ್ದದ್ದು ಆ ಹಳೆಯ ತಿರುಚು. ರೆಕ್ಕೆಯ ತುದಿಗೆ ಕಡ್ಡಿಯ ಒಂದು ಚೂರು ಆನಿಸಿ, ಅಳೆದು, ಹಸಿ ಮಾಡಿ ಒಣಗಿಸಿದರು. ವಿಮಾನ ಗಿರಕಿ ಹೊಡೆದು ನೆಲಕ್ಕೆ ಕುಕ್ಕಿತು. ಅದಕ್ಕಿಂತ ತೆಳ್ಳನೆಯ ಚೂರು ಆನಿಸಿದರು, ಮತ್ತೆ ನೇರ. ಹಳೆಯ ರೆಕ್ಕೆ ಪುಡಿಯಾಗಿತ್ತು, ಅಳೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಕೊನೆಗೆ ಅಕ್ಕನನ್ನೇ ಕೇಳಿದರು: "ಆವತ್ತು ಎಷ್ಟು ಎತ್ತಿದ್ದೆ?"

"ಎಷ್ಟು ಅಂದ್ರೆ? ಎತ್ತಿದೆ, ನೋಡಿದೆ. ಅಳತೆ ಪಟ್ಟಿ ಇಟ್ಕೊಂಡು ಎತ್ತಿದ್ನಾ?"

ಮರುದಿನ ಬಿಸಿಲು ಕಿಟಕಿಗೆ ಬಂದಿದ್ದಾಗ, ನೀರು ಚಿಮುಕಿಸಿದ ಎಡರೆಕ್ಕೆಯನ್ನು ಹಲಗೆಯ ಸಮೇತ ತಂದು ಭಾವ ಅವಳ ಮುಂದಿಟ್ಟರು. ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. "ನನ್ನ ಕೈಗೆ ಕೊಡಬೇಡಿ ಅಂದಿದ್ದೀನಲ್ಲ."

"ಎಲ್ಲಾ ಭಾಗಾನೂ ಸಿಕ್ತು. ಇದೊಂದು ಯಾವ ಅಂಗಡಿಯಲ್ಲೂ ಇಲ್ಲ," ಎಂದರು ಭಾವ. "ತಪ್ಪು ಮಾಡೋಕೆ ನನಗೆ ಬರಲ್ಲ. ನಿನ್ನ ಕೈಯೇ ಆಗಬೇಕು."

ಅಕ್ಕ ಅವರ ದನಿ ಬಂದ ಕಡೆಗೆ ಒಂದು ಗಳಿಗೆ ಮುಖ ಮಾಡಿ ಕೂತಳು. ಆಮೇಲೆ ನಕ್ಕಳು, ಎಷ್ಟೋ ತಿಂಗಳ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೇಳಿದ್ಯೇನೋ? ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಇವರು ಕೊಟ್ಟ ಸರ್ಟಿಫಿಕೇಟು ನೋಡು!" ನಗುತ್ತಲೇ ಬೆರಳಿನಿಂದ ತಡವಿ ತಡವಿ ಗುಂಡುಸೂಜಿಗಳನ್ನು ಕಿತ್ತಳು, ಒದ್ದೆ ರೆಕ್ಕೆಯನ್ನು ಎರಡು ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದಳು, ಮತ್ತು ಅದನ್ನು ನೋಡುವುದಕ್ಕೆಂದು ಮುಖವನ್ನು ಅದರಿಂದ ಬೇರೆ ಕಡೆಗೆ ತಿರುಗಿಸಿದಳು. ಬಿಸಿಲು ಕಾಗದದಲ್ಲಿ ಸೋರಿ ಅವಳ ಕೆನ್ನೆಯ ಮೇಲೆ ಕಡ್ಡಿಗಳ ನೆರಳು ಬಿತ್ತು. ಕಾಗದ ಒಣಗುತ್ತಾ ಅವಳ ಬೆರಳುಗಳ ನಡುವೆ ತನಗೆ ಬೇಕಾದಷ್ಟು ತಿರುಚಿಕೊಂಡಿತು.

ಬಯಲಿನಲ್ಲಿ ಆ ಬೆಳಗ್ಗೆ ಗಾಳಿಯೇ ಇರಲಿಲ್ಲ. ವಿಮಾನ ಏರಿತು, ಎಡಕ್ಕೆ ಒಲೆಯಿತು, ನಮ್ಮ ತಲೆಯ ಮೇಲೆ ಒಂದು ದೊಡ್ಡ ಸುತ್ತು ಬಂತು. ಅಕ್ಕ ನೆಟ್ಟಗೆ ಎದುರಿಗೆ ಕಣ್ಣಿಟ್ಟು, ಅತ್ತಿತ್ತ ನೋಡದೆ ನಿಂತಿದ್ದಳು. ಕಂಡವರು ಇವಳಿಗೆ ವಿಮಾನದ ಗೊಡವೆಯೇ ಇಲ್ಲವೆಂದುಕೊಳ್ಳಬೇಕು. "ಬಂತು," ಎಂದಳು. ಅದು ಅವಳ ಮುಂದಕ್ಕೆ ಬಂದಾಗ, "ಹೋಯ್ತು" ಎಂದಳು. ಆ ಬದಿಗೆ ದಾಟಿದಾಗ, "ಮತ್ತೆ ಬಂತು ಕಣ್ರೀ!" ನೇರ ಹೋಗುವ ವಿಮಾನ ಅವಳ ಪಾಲಿಗೆ ಇಲ್ಲವೇ ಇಲ್ಲ, ಸುತ್ತುವುದು ಮಾತ್ರ ಕಣ್ಣಿನ ಅಂಚಿಗೆ ಅಂಚಿಗೆ ಬಂದು ಮುಟ್ಟಿ ಹೋಗುತ್ತಿತ್ತು. ಭಾವ ವಿಮಾನವನ್ನು ನೋಡುತ್ತಲೇ ಇರಲಿಲ್ಲ. ಅವಳನ್ನು ನೋಡುತ್ತಿದ್ದರು. ಬೆಳಕಿನಲ್ಲಿ ಆ ಕಾಗದದ ರೆಕ್ಕೆ ಇದೆಯೋ ಇಲ್ಲವೋ ಎಂಬಂತೆ ತೇಲಿ ತೇಲಿ, ಕೊನೆಗೆ ಹುಲ್ಲಿಗೆ ಇಳಿದ ಮೇಲೂ ನಮಗೆ ಮೂವರಿಗೂ ಅಲ್ಲಿಂದ ಹೊರಡುವ ಮನಸ್ಸಾಗಲಿಲ್ಲ.

ಮುರಿದವರನ್ನು ಕ್ಷಮಿಸುವ ದೊಡ್ಡ ಮನಸ್ಸಿನವರು ಲೋಕದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಿನ್ನ ತಪ್ಪೇನೂ ಇಲ್ಲ ಎನ್ನುತ್ತಾರೆ, ಬೆನ್ನು ಸವರುತ್ತಾರೆ, ಕೈಯಲ್ಲಿದ್ದ ಕೆಲಸವನ್ನು ಮೆಲ್ಲಗೆ ಇಸಿದುಕೊಂಡು ಒಂದು ಕುರ್ಚಿ ತೋರಿಸುತ್ತಾರೆ. ಆ ಕುರ್ಚಿಯಲ್ಲಿ ಮನುಷ್ಯರು ಹೇಗೆ ದಿನದಿನಕ್ಕೆ ಸವೆದುಹೋಗುತ್ತಾರೆಂಬುದನ್ನು ನಾವೆಲ್ಲ ಕಂಡಿದ್ದೇವೆ. ತಕ್ಕಡಿ ಭಾವನ ಜಾತಿಯವರು ಅಪರೂಪ. ಅವರಿಗೆ ಸಮಾಧಾನದ ಸುಳ್ಳು ಬಾಯಿಗೆ ಬಾರದು. ಆದ್ದರಿಂದ ಊರೆಲ್ಲ ಅಲೆದು, ಎಲ್ಲವನ್ನೂ ಹೊಂದಿಸಿ ತಂದು, ಕೊನೆಯ ಒಂದನ್ನು ಮಾತ್ರ ಮುರಿದವರ ಕೈಯಿಂದಲೇ ಬೇಡುತ್ತಾರೆ. ಇಂಥವರೊಬ್ಬರು ಜೊತೆಗಿದ್ದರೆ, ಕಣ್ಣು ಹೋಗುವ ಕಾಲಕ್ಕೆ ಕಣ್ಣಷ್ಟೇ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.